ಸಂತ ಜೋಸಾಫಾತ್ ಮತ್ತು ಸಾಷ್ಟಿಯ ಮುದುಕ

ಕ್ಯಾಥೊಲಿಕ್ ಸಂತರ ಪಟ್ಟಿಯ ಹಳೆಯ ಮುದ್ರಣಗಳಲ್ಲಿ ನವೆಂಬರ್ 27ನೆಯ ದಿನಾಂಕದ ಕೆಳಗೆ ಇಬ್ಬರು ಭಾರತೀಯರ ಹೆಸರುಗಳಿದ್ದವು: ಬಾರ್ಲಾಮ್ ಮತ್ತು ಜೋಸಾಫಾತ್. ಮೊದಲನೆಯವನು ಅರಣ್ಯವಾಸಿಯಾದ ಗುರು. ಎರಡನೆಯವನು ಸಿಂಹಾಸನವನ್ನು ಬಿಟ್ಟು ಆ ಗುರುವನ್ನು ಹುಡುಕಿಕೊಂಡು ಹೋದ ರಾಜಕುಮಾರ. ಪರ್ಷಿಯಾಕ್ಕೆ ಹೊಂದಿಕೊಂಡ ಭಾರತದ ಸೀಮೆಯವರು ಎಂಬುದಷ್ಟೇ ಅಲ್ಲಿ ಅವರ ಊರಿನ ಗುರುತು. ಗ್ರೀಕ್ ಸಂಪ್ರದಾಯದ ಚರ್ಚು ಜೋಸಾಫಾತನನ್ನು ಆಗಸ್ಟ್ 26ರಂದು ಸ್ಮರಿಸುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಅವನ ಕಥೆಯನ್ನು ಕೇಳದ ಊರೇ ಇರಲಿಲ್ಲವೆಂದರೂ ನಡೆಯುತ್ತದೆ. ಲ್ಯಾಟಿನ್, ಜರ್ಮನ್, ಫ್ರೆಂಚ್, ನಾರ್ವೆಯ ಭಾಷೆ, ಹೀಬ್ರೂ, ಇಥಿಯೋಪಿಯದ ಭಾಷೆ, ಎಲ್ಲದರಲ್ಲಿಯೂ ಅದು ಇತ್ತು. ಇಷ್ಟು ದೊಡ್ಡ ಸಂತನ ಮನೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಮಾತ್ರ ನಮ್ಮ ಬಾಗಿಲಲ್ಲೇ ಇದೆ. ಥಾಣೆಯ ಘೋಡ್‌ಬಂದರ್ ರಸ್ತೆಯ ಬಹುಮಹಡಿ ಕಟ್ಟಡಗಳ ಹಿಂದೆ ಎದ್ದು ನಿಂತಿರುವ ಯೇವೂರಿನ ಕಾಡುಗುಡ್ಡಗಳ ಆಚೆ ಬದಿಯಲ್ಲಿ, ಬೋರಿವಲಿಯ ಕಡೆಗೆ, ಕಾನ್ಹೇರಿಯ ಗುಹೆಗಳಿವೆ. ನಾಲ್ಕು ನೂರು ವರ್ಷಗಳ ಹಿಂದೆ ಒಬ್ಬ ಪೋರ್ಚುಗೀಸ್ ಚರಿತ್ರಕಾರನಿಗೆ ಒಬ್ಬ ಮುದುಕನು, ಆ ಗುಹೆಗಳೇ ಸಂತ ಜೋಸಾಫಾತನು ಬೆಳೆದ ಅರಮನೆ ಎಂದು ತೋರಿಸಿದನು.

ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಗಳಲ್ಲಿ ಚದುರಿಹೋಗಿರುವ ನಮ್ಮ ಓದುಬಳಗವು ಈ ಕಥೆಯನ್ನು ಒಂದು ಇಡೀ ಚಳಿಗಾಲ ಹಿಡಿದು ಕುಳಿತಿತ್ತು. ಸಂತರ ಚರಿತ್ರೆಯೆಂದರೆ ನಮ್ಮಲ್ಲಿ ಹಲವರಿಗೆ ಅಷ್ಟಕ್ಕಷ್ಟೆ. ಆದರೂ ಇದು ಬಿಡಲಿಲ್ಲ. ಏಕೆಂಬುದನ್ನು ಹೇಳುವ ಮುನ್ನ ಕಥೆಯನ್ನು ಹೇಳಬೇಕು.

ಭಾರತದಲ್ಲಿ ಅಬೆನ್ನೇರ್ ಎಂಬ ಬಲಾಢ್ಯನಾದ ರಾಜ. ಕ್ರೈಸ್ತ ಸಂನ್ಯಾಸಿಗಳೆಂದರೆ ಅವನಿಗೆ ಕಡುದ್ವೇಷ. ಅವರನ್ನು ದೇಶದಿಂದ ಅಟ್ಟಿದ, ಸಿಕ್ಕವರನ್ನು ಸುಡಿಸಿದ. ಬಹುಕಾಲ ಮಕ್ಕಳಿಲ್ಲದ ಅವನಿಗೆ ಕೊನೆಗೊಬ್ಬ ಮಗ ಹುಟ್ಟುತ್ತಾನೆ. ಜಾತಕ ನೋಡಲು 55 ಮಂದಿ ಜೋಯಿಸರು ಕೂಡುತ್ತಾರೆ. ಎಲ್ಲರೂ ಐಶ್ವರ್ಯವನ್ನೂ ವಿಜಯವನ್ನೂ ಹೇಳಿದರೆ, ಅವರಲ್ಲಿ ಹೆಚ್ಚು ಬಲ್ಲವನೊಬ್ಬನು ಮಾತ್ರ, ಈ ಮಗು ಆಳುವುದು ನಿಜ, ಆದರೆ ನಿನ್ನ ರಾಜ್ಯವನ್ನಲ್ಲ, ಎನ್ನುತ್ತಾನೆ. ರಾಜನು ಹೆದರಿ ಊರಾಚೆ ಒಂದು ಅರಮನೆಯನ್ನು ಕಟ್ಟಿಸಿ ಮಗನನ್ನು ಅದರಲ್ಲಿ ಇರಿಸುತ್ತಾನೆ. ಒಳಗೆ ಎಲ್ಲರೂ ಹರೆಯದವರು, ಎಲ್ಲರೂ ಚೆಲುವರು. ಮುಪ್ಪು, ರೋಗ, ಬಡತನ, ಸಾವು, ಈ ಮಾತುಗಳು ಆ ಮನೆಯಲ್ಲಿ ನಿಷಿದ್ಧ. ಸೇವಕರಲ್ಲಿ ಯಾರಿಗಾದರೂ ಜ್ವರ ಬಂದರೆ ರಾಜಕುಮಾರನ ಕಣ್ಣಿಗೆ ಬೀಳುವ ಮೊದಲೇ ಅವನನ್ನು ಹೊರಗೆ ಸಾಗಿಸಿ, ಅವನ ಜಾಗದಲ್ಲಿ ದೃಢಕಾಯನಾದ ಇನ್ನೊಬ್ಬನನ್ನು ನಿಲ್ಲಿಸುತ್ತಿದ್ದರು.

ಬೆಳೆದ ಹುಡುಗ ಒಂದು ದಿನ ತಂದೆಯನ್ನು ಕಾಡಿ ಬೇಡಿ ಹೊರಗೆ ಹೊರಡುತ್ತಾನೆ. ದಾರಿಯಲ್ಲಿ ಒಬ್ಬ ಅಂಗವಿಕಲನನ್ನೂ ಒಬ್ಬ ಕುರುಡನನ್ನೂ ಕಾಣುತ್ತಾನೆ. ಇನ್ನೊಂದು ದಿನ, ಬೆನ್ನು ಬಾಗಿ ಹಲ್ಲುದುರಿದ ಒಬ್ಬ ಮುದುಕನನ್ನು. ಇದು ಎಲ್ಲರಿಗೂ ಬರುತ್ತದೆಯೇ, ಬರುವುದನ್ನು ಮುಂದಾಗಿ ತಿಳಿಯಬಹುದೇ, ತಪ್ಪಿಸಿಕೊಳ್ಳುವ ದಾರಿಯುಂಟೇ ಎಂದು ಜೊತೆಯವರನ್ನು ಕೇಳುತ್ತಾನೆ. ಅಲ್ಲಿಂದ ಅವನಿಗೆ ಊಟ ಸೇರದು, ನಿದ್ದೆ ಬಾರದು. ಈ ಹೊತ್ತಿಗೆ ಸೆನ್ನಾರ್ ಎಂಬ ಅರಣ್ಯದಿಂದ ಬಾರ್ಲಾಮನೆಂಬ ವೃದ್ಧ ತಪಸ್ವಿ ವ್ಯಾಪಾರಿಯ ವೇಷದಲ್ಲಿ ಬರುತ್ತಾನೆ. ತನ್ನಲ್ಲಿ ಒಂದು ಅಪೂರ್ವ ರತ್ನವಿದೆ, ಶುದ್ಧವಾದ ಕಣ್ಣುಳ್ಳವರಿಗೆ ಮಾತ್ರ ಅದನ್ನು ತೋರಿಸಬಹುದು ಎಂದು ದ್ವಾರಪಾಲಕರನ್ನು ಒಪ್ಪಿಸಿ ಒಳಗೆ ಹೋಗಿ, ರತ್ನದ ಬದಲು ಕಥೆಗಳನ್ನು ಬಿಚ್ಚುತ್ತಾನೆ. ಆ ಉಪಕಥೆಗಳೇ ಈ ಗ್ರಂಥದ ಜೀವ. ಮುಂದಿನದನ್ನು ಬೇಗನೆ ಹೇಳಿಬಿಡಬಹುದು: ರಾಜಕುಮಾರನ ದೀಕ್ಷೆ, ತಂದೆಯ ಕೋಪ, ಪಂಡಿತರ ವಾದ, ಹೆಂಗಳೆಯರ ಬಲೆ, ರಾಜ್ಯದಲ್ಲಿ ಅರ್ಧ ಪಾಲು, ಯಾವುದೂ ಫಲಿಸದೆ ತಂದೆಯೇ ಮಗನ ದಾರಿಗೆ ಬರುವುದು. ತಂದೆ ತೀರಿಕೊಂಡ ಮೇಲೆ ಜೋಸಾಫಾತನು ಕಿರೀಟವನ್ನು ಇನ್ನೊಬ್ಬನ ತಲೆಗಿಟ್ಟು ಕಾಡಿಗೆ ನಡೆಯುತ್ತಾನೆ. ಗುರುವನ್ನು ಹುಡುಕುತ್ತ ಎರಡು ವರ್ಷ ಅಲೆಯುತ್ತಾನೆ. ಸಿಕ್ಕ ಮೇಲೆ ಅವನ ಜೊತೆಗಿದ್ದು, ಅವನನ್ನು ತನ್ನ ಕೈಯಾರೆ ಮಣ್ಣುಮಾಡಿ, ಒಟ್ಟು 35 ವರ್ಷಗಳ ತಪಸ್ಸಿನ ಕೊನೆಗೆ ಅದೇ ಗೋರಿಯಲ್ಲಿ ತಾನೂ ಸೇರುತ್ತಾನೆ.

ಅರಮನೆ ಎಂದಾಗಲೇ ಓದುಗರು ಇವನ ಗುರುತು ಹಿಡಿದಿರುತ್ತಾರೆ. ಗುರುತು ಹಿಡಿಯಲು ಯುರೋಪಿನ ವಿದ್ವಾಂಸರಿಗೆ 1859-60ರವರೆಗೆ ಕಾಲ ಹಿಡಿಯಿತು. ಫ್ರಾನ್ಸಿನ ಲಬುಲೇ, ಜರ್ಮನಿಯ ಲೀಬ್ರೆಖ್ತ್ ಇವರಿಬ್ಬರೂ ಆಗ ಅದನ್ನು ಸಾಧಿಸಿ ತೋರಿಸಿದರು. ಹೆಸರಿನ ಪ್ರಯಾಣವೇ ಅದಕ್ಕೆ ಸಾಕ್ಷಿ. ಬೋಧಿಸತ್ತ್ವ ಎಂಬ ಮಾತು ಮಧ್ಯ ಏಷ್ಯದ ಮಾನಿ ಮತದವರ ಕೈಯಿಂದ, ಪಹ್ಲವಿಯ ದಾರಿಯಾಗಿ ಅರಬ್ಬಿಗೆ ಬಂದಾಗ ಬೂದಾಸಫ್ ಆಯಿತು. ಅರಬ್ಬಿ ಲಿಪಿಯಲ್ಲಿ ಮೊದಲಕ್ಷರದ ಕೆಳಗೆ ಒಂದು ಚುಕ್ಕೆ ಇದ್ದರೆ 'ಬ', ಎರಡಿದ್ದರೆ 'ಯ'. ಯಾರೋ ಲಿಪಿಕಾರನ ಲೇಖನಿ ಒಂದು ಚುಕ್ಕೆಯನ್ನು ಹೆಚ್ಚಿಗೆ ಇಟ್ಟಿತು. ಬೂದಾಸಫ್ ಯೂದಾಸಫ್ ಆದ. ಜಾರ್ಜಿಯದವರು ಅವನನ್ನು ಯೋದಾಸಫ್ ಎಂದರು; ಮೊದಲು ಕ್ರೈಸ್ತನಾದದ್ದು ಅವನು ಅವರ ಭಾಷೆಯಲ್ಲಿ. 1028ರಲ್ಲಿ ತೀರಿಕೊಂಡ ಯೂಥಿಮಿಯಸ್ ಎಂಬ ಆಥೋಸ್ ಬೆಟ್ಟದ ಜಾರ್ಜಿಯನ್ ಸಂನ್ಯಾಸಿ ಅದನ್ನು ಗ್ರೀಕಿಗೆ ತಂದ. ಜನರು ಮಾತ್ರ ಬಹುಕಾಲ ಅದನ್ನು 8ನೆಯ ಶತಮಾನದ ಡಮಾಸ್ಕಸಿನ ಯೋಹಾನನ ಕೃತಿಯೆಂದೇ ನಂಬಿದ್ದರು. ಗ್ರೀಕಿನಲ್ಲಿ ಯೋಸಾಫ್, ಲ್ಯಾಟಿನ್ನಿನಲ್ಲಿ ಜೋಸಾಫಾತ್. ಸಾವಿರ ವರ್ಷಗಳಲ್ಲಿ ಐದಾರು ಭಾಷೆ, ಮೂರು ಮತ. ಪ್ರತಿ ನಿಲ್ದಾಣದಲ್ಲೂ ಅವನನ್ನು ನಮ್ಮವನೆಂದು ಒಪ್ಪಿಕೊಂಡವರಿದ್ದರು. ಎಲ್ಲಿಂದ ಬಂದವನೆಂದು ಕೇಳಿದವರು ಕಡಿಮೆ. ಮಾರ್ಕೊ ಪೋಲೊ ಸಿಂಹಳದಲ್ಲಿ ಶಾಕ್ಯಮುನಿಯ ಚರಿತ್ರೆಯನ್ನು ಕೇಳಿ, ಈತ ಕ್ರೈಸ್ತನಾಗಿದ್ದಿದ್ದರೆ ದೊಡ್ಡ ಸಂತನೆನಿಸುತ್ತಿದ್ದ ಎಂಬ ಅರ್ಥದಲ್ಲಿ ಬರೆದ. ಆಗಲೇ ಆಗಿದ್ದನೆಂಬುದು ಅವನಿಗೆ ತಿಳಿಯದು.

ಇಲ್ಲಿ ನಮ್ಮ ಊರಿನ ಅಭಿಮಾನದಿಂದ ಒಂದು ಮಾತನ್ನು ಸೇರಿಸಬೇಕು. ಆ ಅರಬ್ಬಿ ಗ್ರಂಥವು ಹಿಜರಿ 1306ರಲ್ಲಿ, ಎಂದರೆ 1888-89ರ ಸುಮಾರಿಗೆ, ಕಲ್ಲಚ್ಚಿನಲ್ಲಿ ಪ್ರಕಟವಾದದ್ದು ಮುಂಬಯಿಯಲ್ಲಿ. ಬಹಳ ಕಾಲ ವಿದ್ವಾಂಸರು ಆ ಮುಂಬಯಿ ಪ್ರತಿಯನ್ನೇ ನೆಚ್ಚಿಕೊಂಡಿದ್ದರು.

ಈಗ ಮುದುಕನ ವಿಷಯ. ದಿಯೋಗು ದು ಕೌತು ಎಂಬ ಪೋರ್ಚುಗೀಸನು 1559ರಲ್ಲಿ ಭಾರತಕ್ಕೆ ಸಿಪಾಯಿಯಾಗಿ ಬಂದು, ಮುಂದೆ ಗೋವೆಯ ದಫ್ತರಖಾನೆಯ ಅಧಿಕಾರಿಯಾಗಿ, 1616ರಲ್ಲಿ ಗೋವೆಯಲ್ಲಿಯೇ ತೀರಿಕೊಂಡವನು. ಏಷ್ಯದಲ್ಲಿ ಪೋರ್ಚುಗೀಸರು ನಡೆಸಿದ್ದನ್ನೆಲ್ಲ 'ದೆಕಾದಾ'ಗಳೆಂಬ ಸಂಪುಟಗಳಲ್ಲಿ ಬರೆದಿಟ್ಟ. ಆಗ ವಸಯಿಯಿಂದ ಸಾಷ್ಟಿಯವರೆಗಿನ ಈ ನೆಲವೆಲ್ಲ ಅವರದು. ಥಾಣೆಯೂ ಸಾಷ್ಟಿ ದ್ವೀಪದ್ದೇ ಒಂದು ಮೂಲೆ. 1612ರಲ್ಲಿ ಅಚ್ಚಾದ ಐದನೆಯ ಸಂಪುಟದಲ್ಲಿ ಅವನು ಬುದ್ಧನ ಚರಿತ್ರೆಯನ್ನು ಹೇಳುತ್ತ, ಇದು ನಮ್ಮ ಜೋಸಾಫಾತನ ಬಾಲ್ಯವೇ ಅಲ್ಲವೇ ಎಂದು ಬೆರಗಾಗುತ್ತಾನೆ. ಈ ದೇಶದ ಹಳಬರಿಗೆ ಆ ಸಂತನ ಸುಳಿವೇನಾದರೂ ಇದೆಯೇ ಎಂದು ವಿಚಾರಿಸಿದಾಗ ಅವನಿಗೆ ಸಿಕ್ಕ ಉತ್ತರ ಸಾಷ್ಟಿಯ ಒಬ್ಬ ಅತಿವೃದ್ಧನದು. ಕಾನ್ಹೇರಿಯನ್ನು ನೋಡಲು ಹೋದಾಗ, ಒಂದೇ ಬಂಡೆಯಲ್ಲಿ ಇಷ್ಟೊಂದು ಕೋಣೆಗಳನ್ನು ಕಡಿಸಿದವರು ಯಾರೆಂದು ಅವನನ್ನು ಕೇಳಿದನಂತೆ. ಸಂದೇಹವೇ ಬೇಡ, ಸಂತ ಜೋಸಾಫಾತನ ತಂದೆಯು ಮಗನನ್ನು ಲೋಕದ ಕಣ್ಣಿಗೆ ಬೀಳದಂತೆ ಬೆಳೆಸಲು ಕಡಿಸಿದ್ದು ಇದು, ಎಂದು ಮುದುಕನ ಉತ್ತರ. ಹಾಗಾದರೆ ಆ ಜೋಸಾಫಾತನೇ ಈ ಬುದ್ಧನಾಗಿರಬಹುದು ಎಂದು ಕೌತು ತೀರ್ಮಾನಕ್ಕೆ ಸಮೀಪವಾಗುತ್ತಾನೆ. ಲಬುಲೇಗಿಂತ ಎರಡೂವರೆ ಶತಮಾನ ಮೊದಲು! ಅವನು ಕಾನ್ಹೇರಿಯನ್ನು ಕರೆಯುವುದು 'ಕನರಾ ಪಗೋಡ' ಎಂದು. ಇದನ್ನು ಓದಿದಾಗ ನಮ್ಮಲ್ಲಿ ಕೆಲವರು ಕುಳಿತಲ್ಲಿಯೇ ಎದೆ ಸೆಟೆಸಿದ್ದುಂಟು. ಅದು ಕೃಷ್ಣಗಿರಿ, ಕಾನ್ಹಗಿರಿ ಎಂಬ ಹಳೆಯ ಹೆಸರಿನ ಅಪಭ್ರಂಶ. ಕನ್ನಡಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಅವರನ್ನು ಸಮಾಧಾನಪಡಿಸಬೇಕಾಯಿತು.

ಮುದುಕನಿಗೆ ಜೋಸಾಫಾತನ ಹೆಸರು ಎಲ್ಲಿಂದ ಬಂತು? ಪಾದ್ರಿಗಳಿಂದಲೇ ಬಂದಿರಬೇಕು. ಕೌತುವಿಗಿಂತ ಹಿಂದೆ ಆಂತೋನಿಯೊ ದು ಪೋರ್ತೊ ಎಂಬ ಫ್ರಾನ್ಸಿಸ್ಕನ್ ಪಾದ್ರಿಯು ಕಾನ್ಹೇರಿಯ ಚೈತ್ಯವನ್ನು ಸಂತ ಮೈಕೆಲನ ಇಗರ್ಜಿಯನ್ನಾಗಿ ಮಾಡಿದ್ದನು. ಗುಹೆಗಳಲ್ಲಿ ಉಳಿದುಕೊಂಡಿದ್ದ ಇಬ್ಬರು ವೃದ್ಧ ಯೋಗಿಗಳಿಗೆ ದೀಕ್ಷೆ ಕೊಟ್ಟು ಒಬ್ಬನನ್ನು ಪೌಲೊ ರಪೋಸೊ ಎಂದೂ ಇನ್ನೊಬ್ಬನನ್ನು ಫ್ರಾನ್ಸಿಸ್ಕೊ ದ ಸಾಂತಾ ಮಾರಿಯಾ ಎಂದೂ ಕರೆದನು. (ಗುಹೆಯೊಂದರ ಸುರಂಗ ಎಲ್ಲಿಗೆ ಮುಟ್ಟುತ್ತದೆಂದು ನೋಡಲು ಇದೇ ಪಾದ್ರಿ ಹಗ್ಗ, ಬುತ್ತಿ ಕಟ್ಟಿಕೊಂಡು ಏಳು ದಿನ ನಡೆದರೂ ಕೊನೆ ಸಿಗಲಿಲ್ಲವೆಂದು ಕೌತು ಬರೆದಿದ್ದಾನೆ. ಈಗ ಅದೇ ಗುಡ್ಡಗಳ ಅಡಿಯಲ್ಲಿ ಥಾಣೆಯಿಂದ ಬೋರಿವಲಿಗೆ ಸುಮಾರು 12 ಕಿಲೋಮೀಟರಿನ ಜೋಡಿ ಸುರಂಗದ ಕೆಲಸ ಹಿಡಿದಿದ್ದಾರೆ. ಪಾದ್ರಿ ಇದ್ದಿದ್ದರೆ ಸಂತೋಷಪಡುತ್ತಿದ್ದನು.) ಹೀಗೆ ಇಗರ್ಜಿಯ ಪ್ರಸಂಗಗಳಲ್ಲಿ ಜೋಸಾಫಾತನ ಪುಣ್ಯಕಥೆ ಸಾಷ್ಟಿಯ ಹಳ್ಳಿಗಳಿಗೆ ಇಳಿದಿರಬೇಕೆಂದು ನಮ್ಮ ಊಹೆ. ಈ ದೇಶದಿಂದ ಹೊರಟ ಕಥೆಯೊಂದು ತುರ್ಕಿಸ್ತಾನ, ಬಾಗ್ದಾದ್, ಜಾರ್ಜಿಯ, ಗ್ರೀಸ್, ರೋಮ್, ಲಿಸ್ಬನ್ ಸುತ್ತಿ, ಹಡಗನ್ನೇರಿ, ಬುದ್ಧನ ಭಿಕ್ಷುಗಳು ಬದುಕಿದ್ದ ಅದೇ ಬಂಡೆಯ ಬುಡಕ್ಕೆ ಬೇರೆ ಹೆಸರು ಹೊತ್ತುಕೊಂಡು ಬಂದು ನಿಂತಿತು. ತಂದವರಿಗೆ ಅದು ಗೊತ್ತಿರಲಿಲ್ಲ. ಕೇಳಿದವರಲ್ಲಿ ಒಬ್ಬ ಮುದುಕನು, ಇದು ಇಲ್ಲಿಯದೇ ಎಂದುಬಿಟ್ಟನು. ಅವನ ಹೆಸರನ್ನು ಕೌತು ಬರೆಯಲಿಲ್ಲ.

ಆಚೆ ದಾರಿಯೂ ಇತ್ತೆಂಬುದನ್ನು ಮರೆಯುವಂತಿಲ್ಲ. 6ನೆಯ ಶತಮಾನದಲ್ಲಿ ಈ ಕಡಲುಗಳ ವೃತ್ತಾಂತವನ್ನು ಬರೆದ ಕಾಸ್ಮಾಸನು 'ಕಲ್ಲಿಯಾನ'ದಲ್ಲಿ ಪರ್ಷಿಯಾದಿಂದ ನೇಮಕವಾಗಿ ಬಂದ ಬಿಷಪ್ಪನೊಬ್ಬನಿದ್ದನೆಂದು ಹೇಳುತ್ತಾನೆ. ಅದು ನಮ್ಮ ಈ ಕಲ್ಯಾಣವೆಂದು ಹಲವರು. ಉಡುಪಿಯ ಬಳಿಯ ಕಲ್ಯಾಣಪುರವೆಂದು ಇನ್ನು ಕೆಲವರು. ಬಳಗದಲ್ಲಿ ಉಡುಪಿ ಕಡೆಯವರೇ ಹೆಚ್ಚಾದ್ದರಿಂದ ಈ ಚರ್ಚೆಯ ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ. ಕಾನ್ಹೇರಿಯ 90ನೆಯ ಗುಹೆಯಲ್ಲಿ 1009 ಮತ್ತು 1021ರಲ್ಲಿ ಬಂದುಹೋದ ಪಾರಸಿಗಳು ತಮ್ಮ ಹೆಸರುಗಳನ್ನು ಪಹ್ಲವಿ ಲಿಪಿಯಲ್ಲಿ ಕೊರೆದಿದ್ದಾರೆ. ಬುದ್ಧನ ಕಥೆಯನ್ನು ಪಶ್ಚಿಮಕ್ಕೆ ದಾಟಿಸಿದ ಭಾಷೆಯ ಅಕ್ಷರಗಳು ಬುದ್ಧನ ಬೆಟ್ಟದಲ್ಲಿಯೇ ಇವೆ.

ಜನವರಿಯ ಒಂದು ಭಾನುವಾರ ನಾವು ಹನ್ನೆರಡು ಮಂದಿ ಕಾನ್ಹೇರಿಗೆ ಹೋದೆವು. ಡೊಂಬಿವಲಿ, ಕಲ್ಯಾಣದವರು ದಾದರಿನಲ್ಲಿ ಗಾಡಿ ಬದಲಿಸಿ ಬೋರಿವಲಿಗೆ, ನೆರೂಳಿನವರು ಕಾರಿನಲ್ಲಿ. ಥಾಣೆಯವರಿಗೆ ಗುಡ್ಡ ಮನೆಯ ಹಿಂದೆಯೇ ಇದ್ದರೂ ಸುತ್ತಿಯೇ ಬರಬೇಕು. ನಡುವಿನ ಕಾಡು ಚಿರತೆಗಳದ್ದು. ನೂರಕ್ಕೂ ಮಿಕ್ಕಿದ ಗುಹೆಗಳು. ಮೂರನೆಯ ಗುಹೆಯ ಚೈತ್ಯದ ಮೊಗಸಾಲೆಯ ಎರಡು ಬದಿಗಳಲ್ಲಿ ನಿಂತ ಬುದ್ಧರು ನಾಲ್ಕಾಳೆತ್ತರ. ಉಳಿದವು ಬಹುಪಾಲು ಸಣ್ಣ ವಸತಿಗಳು: ಒಂದು ಜಗಲಿ, ಒಂದು ಕೋಣೆ, ಮಲಗಲು ಬಂಡೆಯಲ್ಲೇ ಬಿಟ್ಟ ಕಟ್ಟೆ, ಹೊರಗೆ ಮಳೆನೀರಿನ ತೊಟ್ಟಿ. ನೀರು ಹರಿದು ತೊಟ್ಟಿಗೆ ಸೇರಲು ಬೆಟ್ಟದುದ್ದಕ್ಕೂ ಕಡಿದ ಕಾಲುವೆಗಳನ್ನು ನೋಡಿ, ನೀರಿನ ಟ್ಯಾಂಕರಿಗೆ ಫೋನು ಮಾಡಿ ಮಾಡಿ ಬೇಸತ್ತ ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯೊಬ್ಬರು ಬಹಳ ಹೊತ್ತು ಅಲ್ಲಿಯೇ ನಿಂತರು. ದಾನ ಕೊಟ್ಟವರ ಊರುಗಳು ಶಾಸನಗಳಲ್ಲಿವೆ: ಸೋಪಾರ, ಚೌಲ್, ನಾಸಿಕ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣಿಗೆ ಬಿದ್ದದ್ದು ಕಲ್ಯಾಣ. ಕಲ್ಯಾಣದ ವರ್ತಕರು ಸಂಪಾದಿಸಿದರು, ಬೆಟ್ಟದಲ್ಲಿ ಮಳೆಗಾಲ ಕಳೆಯುವ ಭಿಕ್ಷುಗಳಿಗೆ ಸೂರು ಕಡಿಸಿದರು.

ಕನ್ನಡಿಗರು ಹುಡುಕುವ ಹೆಸರೂ ಅಲ್ಲಿದೆ. 9ನೆಯ ಶತಮಾನದ ಮೂರು ಸಂಸ್ಕೃತ ಶಾಸನಗಳಲ್ಲಿ ಕೊಂಕಣವನ್ನಾಳುತ್ತಿದ್ದ ಶಿಲಾಹಾರರು ತಮ್ಮ ಒಡೆಯನೆಂದು ನೆನೆಯುವುದು ರಾಷ್ಟ್ರಕೂಟ ಅಮೋಘವರ್ಷನನ್ನು, ಕವಿರಾಜಮಾರ್ಗ ಯಾರ ಆಸ್ಥಾನದಲ್ಲಿ ಹುಟ್ಟಿತೋ ಆ ನೃಪತುಂಗನನ್ನು. ಶಕ 765ರ ದಾನದಲ್ಲಿ ಪೂಜೆಗೆ, ಜೀರ್ಣೋದ್ಧಾರಕ್ಕೆ, ಭಿಕ್ಷುಗಳ ಚೀವರಕ್ಕೆ ಇಷ್ಟಿಷ್ಟು ಎಂದು ಹಂಚಿ, ಪುಸ್ತಕಗಳಿಗೆ ಒಂದು ದ್ರಮ್ಮವನ್ನು ಇಟ್ಟಿದ್ದಾರೆ. ನಮ್ಮ ಸಂಘಗಳ ಆಯವ್ಯಯವನ್ನು ಬಲ್ಲವರಿಗೆ ಈ ಪ್ರಮಾಣ ಹೊಸದೇನಲ್ಲ. ಶಕ 775ರಲ್ಲಿ ಗೌಡದೇಶದಿಂದ ಬಂದ ಅವಿಘ್ನಾಕರನೆಂಬವನು ನೂರು ದ್ರಮ್ಮಗಳನ್ನು ಕೊಟ್ಟ. ಶಕ 799ರದ್ದು ಅಮೋಘವರ್ಷನ ಆಳ್ವಿಕೆಯ ಕೊನೆಯ ದಿನಗಳದ್ದು. ಅವನ ಹೆಸರಿನಲ್ಲಿ ಬಂದಿರುವ 'ಪ್ರಶ್ನೋತ್ತರ ರತ್ನಮಾಲಿಕೆ'ಯ ಕೊನೆಯಲ್ಲಿ, ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ರಾಜನು ಇದನ್ನು ರಚಿಸಿದನೆಂಬ ಮಾತಿದೆ. ಬಾಗ್ದಾದಿನಲ್ಲಿ ಬೂದಾಸಫನು ಅರಬ್ಬಿ ಮಾತನಾಡಲು ಕಲಿಯುತ್ತಿದ್ದ ಕಾಲಕ್ಕೆ ಇಲ್ಲಿ ನಿಜವಾದ ರಾಜನೊಬ್ಬನು ಕಿರೀಟ ಇಳಿಸುವ ಯೋಚನೆಯಲ್ಲಿದ್ದನು.

ಆ ಕಲ್ಲುಕಟ್ಟೆಗಳನ್ನು ನೋಡುತ್ತ ನಮಗೆ ಮುದುಕನ ಮಾತು ಸೋಜಿಗವೆನಿಸಿತು. ಇವು ಅರಮನೆಯ ಕೋಣೆಗಳೇ? ಎಲ್ಲವನ್ನೂ ಬಿಟ್ಟು ಬಂದವರು ಮಲಗಿದ ಜಾಗವನ್ನು, ಏನೂ ಕಾಣದಂತೆ ಮಗನನ್ನು ಮುಚ್ಚಿಟ್ಟ ಜಾಗವೆಂದು ಅವನು ಓದಿಕೊಂಡನಲ್ಲ! ಕಿಟಕಿಯಿಲ್ಲದ ಕೋಣೆ, ಒಂದೇ ಬಾಗಿಲು, ಸುತ್ತ ಕಾಡು. ಹೊರಗಿನಿಂದ ನೋಡಿದರೆ ಎರಡಕ್ಕೂ ಹೋಲಿಕೆ ಇರುವುದು ನಿಜವೇ.

ಈ ಮಾತು ಅಂದು ನಮ್ಮನ್ನು ಬೇರೆ ಕಾರಣಕ್ಕೂ ತಟ್ಟಿತು. ಬಳಗದ ಹಿರಿಯರೊಬ್ಬರು ನಮ್ಮೊಂದಿಗಿದ್ದರು. ಹನ್ನೆರಡನೆಯ ವಯಸ್ಸಿಗೆ ಉಡುಪಿ ಸೀಮೆಯಿಂದ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ಬ್ಯಾಂಕಿನಲ್ಲಿ ದುಡಿದು ಡೊಂಬಿವಲಿಯಲ್ಲಿ ಮನೆ ಮಾಡಿದವರು. ಡಿಸೆಂಬರಿನಲ್ಲಿ ಅವರ ಹೊಟ್ಟೆಯ ತಪಾಸಣೆಯಾಗಿತ್ತು. ವರದಿ ಬಂದ ರಾತ್ರಿ ಅವರ ಮಗ ನಮಗೆಲ್ಲ ಒಬ್ಬೊಬ್ಬರಿಗೂ ಫೋನು ಮಾಡಿ, ಅಪ್ಪನಿಗೆ ಗ್ಯಾಸ್ಟ್ರಿಕ್ ಅಂತ ಹೇಳಿದ್ದೇವೆ, ನೀವೂ ಹಾಗೆಯೇ ಹೇಳಬೇಕು, ಎಂದು ಕೇಳಿಕೊಂಡಿದ್ದರು. ಅಳುತ್ತಲೇ ಕೇಳಿಕೊಂಡರು. ಮನೆಯಲ್ಲಿ ಆ ರೋಗದ ಹೆಸರನ್ನು ಎತ್ತುವಂತಿರಲಿಲ್ಲ. ಕಡತವು ಮಗನ ಕಚೇರಿಯ ಕಪಾಟಿನಲ್ಲಿ. ಮೊಮ್ಮಗಳಿಗೂ ತಿಳಿಸಿರಲಿಲ್ಲ. ಹುಷಾರಾಗಿದ್ದೀರಿ, ಬಣ್ಣ ಬಂದಿದೆ, ಎಂದು ನಾವೂ ಹೇಳುತ್ತಿದ್ದೆವು. ಇಂಥ ಅರಮನೆಗಳು ನಮ್ಮ ಕಟ್ಟಡಗಳಲ್ಲಿ ಎಷ್ಟಿವೆಯೋ! ಅವುಗಳನ್ನು ಕಟ್ಟುವವರು ಕ್ರೂರಿಗಳಲ್ಲ. ಅಬೆನ್ನೇರನನ್ನು ಗ್ರಂಥಕಾರನು ಮತದ್ವೇಷಿಯನ್ನಾಗಿ ಮಾಡಿದ್ದು ಕಥೆಯ ಅನುಕೂಲಕ್ಕೆಂದು ನಮ್ಮ ಅಭಿಪ್ರಾಯ. ಅವನ ಹೆದರಿಕೆಯಾದರೋ ಪ್ರೀತಿಯಿಂದಲೇ ಹುಟ್ಟಿದ್ದು.

ಹಿರಿಯರು ಒಂದು ಕೋಣೆಯ ಕಲ್ಲುಕಟ್ಟೆಯ ಮೇಲೆ ದಣಿದು ಕುಳಿತಿದ್ದರು. ಮೊಮ್ಮಗಳಿಗೆ ಹತ್ತು ವರ್ಷ. ಇಷ್ಟು ಗಟ್ಟಿಯಾದದ್ದರ ಮೇಲೆ ಯಾರು ಮಲಗುತ್ತಿದ್ದರು ಅಜ್ಜಾ, ಎಂದಳು. ಉತ್ತರವಾಗಿ ಅವರು ಬಾರ್ಲಾಮನು ರಾಜಕುಮಾರನಿಗೆ ಹೇಳಿದ ಒಂದು ಉಪಕಥೆಯನ್ನು ಹೇಳಿದರು. ಗ್ರೀಕ್ ಗ್ರಂಥದಲ್ಲಿ ಅದು ಒಂಟಿಕೊಂಬಿನ ಮೃಗದಿಂದ ಓಡುವ ಮನುಷ್ಯನ ಕಥೆ. ನಮ್ಮಲ್ಲಿ ಅದು ಆನೆ. ಮಹಾಭಾರತದ ಸ್ತ್ರೀಪರ್ವದಲ್ಲಿ ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನಿಗೆ ವಿದುರ ಇದನ್ನು ಹೇಳುತ್ತಾನೆ; ಜೈನರಲ್ಲಿ ಮಧುಬಿಂದುವಿನ ದೃಷ್ಟಾಂತವೆಂದೇ ಪ್ರಸಿದ್ಧ. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದ್ದರಿಂದ ಅವನ ಬಾಯಲ್ಲಿ ಇದನ್ನು ಕೇಳುವ ಭಾಗ್ಯ ನಮಗಿಲ್ಲ. ಹಿರಿಯರು ತಮ್ಮದೇ ಕನ್ನಡದಲ್ಲಿ ಹೇಳಿದರು: ಕಾಡಿನಲ್ಲಿ ಆನೆ ಅಟ್ಟಿಸಿಕೊಂಡು ಬಂತು, ಅವನು ಓಡಿ ಹಾಳುಬಾವಿಗೆ ಬಿದ್ದ, ಬೀಳುವಾಗ ಒಂದು ಬೇರು ಕೈಗೆ ಸಿಕ್ಕಿತು. ಕೆಳಗೆ ಹೆಬ್ಬಾವು ಬಾಯಿ ತೆರೆದಿದೆ. ಬೇರನ್ನು ಒಂದು ಬಿಳಿ ಇಲಿ, ಒಂದು ಕಪ್ಪು ಇಲಿ ಕಡಿಯುತ್ತಿವೆ. ಮೇಲಿನ ಕೊಂಬೆಯ ಜೇನುಗೂಡಿನಿಂದ ಒಂದೊಂದೇ ಹನಿ ಅವನ ಬಾಯಿಗೆ ಬೀಳುತ್ತಿದೆ.

ಅಲ್ಲಿಯವರೆಗೆ ಎಲ್ಲರಿಗೂ ಗೊತ್ತಿದ್ದ ಕಥೆ. ಅನಂತರ ಅವರು ಯಾವ ಗ್ರಂಥದಲ್ಲಿಯೂ ಇಲ್ಲದ ಒಂದು ಮಾತನ್ನು ಸೇರಿಸಿದರು. "ಇಲಿಗಳು ಕಡಿಯುವ ಸದ್ದು ಅವನಿಗೆ ಚೆನ್ನಾಗಿ ಕೇಳುತ್ತಿತ್ತು ಮಗಾ. ಬಾವಿಯ ಕಟ್ಟೆಯ ಮೇಲೆ ಅವನ ಮನೆಯವರು, ಸ್ನೇಹಿತರು ಎಲ್ಲ ನಿಂತಿದ್ದರು. ಸದ್ದು ಅವನಿಗೆ ಕೇಳಬಾರದು ಅಂತ ಅವರು ದೊಡ್ಡ ದೊಡ್ಡ ಸ್ವರದಲ್ಲಿ ಮಾತಾಡ್ತಿದ್ದರು."

ಮಗ ಬಾಗಿಲ ಬಳಿ ನಿಂತಿದ್ದರು. ಯಾರೂ ಏನೂ ಹೇಳಲಿಲ್ಲ. ಹುಡುಗಿಯೇ ಕೇಳಿದಳು: "ಅವನು ಜೇನು ತಿಂದನಾ?"

"ತಿಂದ. ಜೇನು ಜೇನೇ ಅಲ್ಲವಾ?"

ಇಳಿಯುವಾಗ ತಂದೆಯ ಕೈಯನ್ನು ಮಗ ಹಿಡಿದುಕೊಂಡಿದ್ದರು. ಬೋರಿವಲಿ ನಿಲ್ದಾಣದಲ್ಲಿ ಹಿರಿಯರು, "ಕಡತ ಎಲ್ಲಿದೆ ಅಂತ ನನಗೆ ಗೊತ್ತುಂಟು. ನಾಳೆ ಕಚೇರಿಯಿಂದ ಬರುವಾಗ ತಾ," ಎಂದರು. ಮರುವಾರದಿಂದ ಆಸ್ಪತ್ರೆಗೆ ಹೋಗುವಾಗ ಕಡತವನ್ನು ತಾವೇ ಕಂಕುಳಲ್ಲಿ ಇಟ್ಟುಕೊಂಡು ಹೋಗತೊಡಗಿದರು. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ಬ್ಯಾಂಕಿನ ಗುಂಡು ಅಕ್ಷರದಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಜೋಸಾಫಾತನು ಜೊತೆಯವರನ್ನು ಕೇಳಿದ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ, ಎಲ್ಲರಿಗೂ ಬರುತ್ತದೆಯೇ, ಮುಂದಾಗಿ ತಿಳಿಯಬಹುದೇ ಎಂಬುವಕ್ಕೆ, ತಮಗೆ ಉತ್ತರ ಸಿಕ್ಕಿದೆ, ಮೂರನೆಯದನ್ನು ಡಾಕ್ಟರಿಗೆ ಬಿಟ್ಟಿದ್ದೇನೆ ಎನ್ನುತ್ತಿದ್ದರು. ಚಿಕಿತ್ಸೆಯ ಒಂದು ಸುತ್ತು ಮುಗಿದ ಮೇಲೆ, ಮಕ್ಕಳ ವಿರೋಧದ ನಡುವೆಯೂ, ಮಳೆಗಾಲವನ್ನು ಕಳೆಯಲು ಊರಿನ ಹಳೆಯ ಮನೆಗೆ ಹೋದರು. ಈಗಲೂ ಅಲ್ಲಿಯೇ ಇದ್ದಾರೆ.

ಅವರು ಹೋದ ಮೇಲೂ ನಾವು ಓದನ್ನು ಮುಂದುವರಿಸಿದೆವು. ಜೋಸಾಫಾತನ ಕಥೆಯನ್ನು ಯೇಸುಸಭೆಯ ಪಾದ್ರಿಗಳು 1591ರಲ್ಲಿ ಜಪಾನಿನಲ್ಲಿ ಅಚ್ಚುಹಾಕಿಸಿದ್ದರೆಂದು ತಿಳಿಯಿತು. ಬೌದ್ಧರ ನಾಡಿಗೆ ಬುದ್ಧನ ಚರಿತ್ರೆಯನ್ನೇ ಬುದ್ಧನನ್ನು ಬಿಡಿಸಲೆಂದು ಒಯ್ದಿದ್ದರು! ನಾಲ್ಕು ಪೆಟ್ಟಿಗೆಗಳಲ್ಲಿ ಒಂದನ್ನು ಆರಿಸುವ ಬಾರ್ಲಾಮನ ಇನ್ನೊಂದು ಉಪಕಥೆಯು ಕೈಯಿಂದ ಕೈಗೆ ದಾಟಿ ಶೇಕ್ಸ್‌ಪಿಯರನ ವೆನಿಸ್ಸಿನ ವರ್ತಕನ ನಾಟಕದಲ್ಲಿ ಮೂರು ಪೆಟ್ಟಿಗೆಗಳಾಗಿದೆ. ಎಲ್ಲಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ಮೂಳೆ. 1571ರಲ್ಲಿ ವೆನಿಸ್ಸಿನ ದೊರೆ ಅಲ್ವೀಸೆ ಮೊಚೆನೀಗೊ, ಪೋರ್ಚುಗಲಿನ ಅರಸ ಸೆಬಾಸ್ಟಿಯನ್ನನಿಗೆ ಸಂತ ಜೋಸಾಫಾತನ ಅಸ್ಥಿಯ ತುಂಡೊಂದನ್ನು ಕಾಣಿಕೆಯಾಗಿ ಕೊಟ್ಟನು. ಮುಂದೆ ಅದು ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರಕ್ಕೆ ಹೋಗಿ ಸಂತ ಆಂದ್ರೇಯನ ಇಗರ್ಜಿಯನ್ನು ಸೇರಿತು.

ಇದನ್ನು ಹಿರಿಯರಿಗೆ ಹೇಳಲೇಬೇಕೆಂದು ಅಂದೇ ಊರಿಗೆ ಫೋನು ಮಾಡಿದೆವು. ಮಳೆಯ ಸದ್ದಿನಲ್ಲಿ ಎರಡು ಸಲ ಹೇಳಬೇಕಾಯಿತು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕುಶಿನಗರದಲ್ಲಿ ಬುದ್ಧನ ಅಸ್ಥಿಗಳನ್ನು ಎಂಟು ಪಾಲು ಮಾಡಿದ್ದರಲ್ಲವಾ, ಎಂದು ಕೇಳಿದರು. ಹೌದೆಂದೆವು.

"ಹಾಗಾದರೆ ಒಂಬತ್ತನೆಯದು ಆಂಟ್‌ವರ್ಪಿನಲ್ಲಿ ಉಂಟು ಅಂತ ಬರೆದುಕೊಳ್ಳಿ," ಎಂದು ನಕ್ಕರು.